ಹೂಂಗುಟ್ಟದ ಪರದೆ

ಕುರಿಗಳಿಗೆ ಲಸಿಕೆ ಹಾಕುವ ವ್ಯಾನು ಆ ಮಂಗಳವಾರ ಹೊಸದೊಡ್ಡಿಗೆ ಮೂರು ಸಲ ಬುಕ್ ಆಗಿತ್ತು. ದಿನಕ್ಕೆ ಮೂರೇ ಊರು ಸುತ್ತುವ ವ್ಯಾನು ಅದು. ಫೋನಿನಲ್ಲಿ ಹೇಳಿ ಕಾದಿದ್ದ ಇನ್ನೆರಡು ಊರಿನವರು ಕುರಿಗಳನ್ನು ಮೇಯಲು ಬಿಡದೆ ರೊಪ್ಪದಲ್ಲೇ ಕೂಡಿಹಾಕಿಕೊಂಡು ಸಂಜೆಯವರೆಗೆ ದಾರಿ ನೋಡಿದರು. ಹಸಿದ ಕುರಿಗಳು ಅರಚಿ ಅರಚಿ ಸುಮ್ಮನಾದವು. ವ್ಯಾನು ಬರಲಿಲ್ಲ.

ವಿರೂಪಾಕ್ಷಿಪುರದ ಕುರಿ ಸಾಕುವವರ ಸಂಘದಲ್ಲಿ ಫೋನೆತ್ತಿ ಬುಕಿಂಗ್ ಮಾಡುತ್ತಿದ್ದವರು ಸಿದ್ದಮ್ಮ. ಒಂಬತ್ತು ವರ್ಷದ ಹಿಂದೆ ಕಣ್ಣು ಹೋದ ಮೇಲೆ ತರಬೇತಿ ಪಡೆದು, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಕೇಳಿಸಿಕೊಂಡೇ ಕಂಪ್ಯೂಟರ್ ನಡೆಸುತ್ತಿದ್ದರು. ಸಂಘದ ಅಧ್ಯಕ್ಷ ಚಿಕ್ಕಯ್ಯ, ಬುಕಿಂಗ್ ಆಪ್ ಮಾಡಿಕೊಟ್ಟಿದ್ದ ರಾಮನಗರದ ಕಂಪನಿಗೆ ಫೋನು ಮಾಡಿದರು.

"ನಿಮ್ ಹೊಸ ಆಪ್ ಬಂದ್ಮೇಲೆ ಹಿಂಗಾಗೈತೆ ಕಣಮ್ಮ. ಶುಕ್ರವಾರ ಕಮಿಟಿ ಐತೆ. ಅಷ್ಟ್ರೊಳಗೆ ಸರಿ ಆಗ್ನಿಲ್ಲ ಅಂದ್ರೆ ಆ ಕುರ್ಚಿಗೆ ಕಣ್ಣಿರೋರ್ನ ಕೂರಿಸ್ಬೇಕಾಯ್ತದೆ. ನಂಗೂ ಇಷ್ಟ ಇಲ್ಲ. ಆದ್ರೆ ಜನ ಬಿಡಾಕಿಲ್ಲ."

ಫೋನು ಹಿಡಿದಿದ್ದವಳು ಶಿವಲಕ್ಷ್ಮಿ. ಮೊದಲಿಂದಲೂ ಮಾತು ಕಡಿಮೆಯ ಹುಡುಗಿ. ಹೌದು ಎನ್ನುವುದಕ್ಕೂ ತಲೆಯಾಡಿಸಿ ಮುಗಿಸುವವಳು. ಕಂಪನಿ ಮಾಡುವ ಎಲ್ಲ ಆಪ್‌ಗಳಿಗೂ ಬೇಕಾಗುವ ಬಟನ್ನು, ಬರೆಯುವ ಚೌಕ, ಸಂದೇಶದ ಚೀಟಿಗಳನ್ನು ವಿನ್ಯಾಸ ಮಾಡಿ ಒಂದು ಕಡೆ ಇಡುವುದು ಅವಳ ಕೆಲಸ. ಅದನ್ನು ಡಿಸೈನ್ ಸಿಸ್ಟಮ್ ಎನ್ನುತ್ತಿದ್ದರು. ಅಲ್ಲಿಂದ ಎತ್ತಿಕೊಂಡೇ ಉಳಿದವರು ಆಪ್ ಕಟ್ಟುತ್ತಿದ್ದರು. ಅಲ್ಲಿ ಒಂದು ವಸ್ತು ಕೆಟ್ಟಿದ್ದರೆ ಎಲ್ಲ ಆಪ್‌ಗಳಲ್ಲೂ ಕೆಟ್ಟಂತೆಯೇ.

ಬುಧವಾರ ಬೆಳಿಗ್ಗೆ ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ಅವಳು ವಿರೂಪಾಕ್ಷಿಪುರಕ್ಕೆ ಹೋದಳು. ಸಿದ್ದಮ್ಮ ಕಾಲು ಮಡಚಿ ಕುರ್ಚಿಯಲ್ಲಿ ಕೂತಿದ್ದರು.

"ನೀನೇನಾ ಕಂಪ್ನಿಯವ್ಳು? ಬಾ ಮಗ. ಚಪ್ಲಿ ಸದ್ದು ಕೇಳಿದ್ರೆ ಊಟ ಮಾಡ್ದೋಳಂಗಿಲ್ಲ ನೀನು."

ಶಿವಲಕ್ಷ್ಮಿ ನಕ್ಕಳು. ಪಕ್ಕದಲ್ಲಿ ಕೂತು, ಮಾಡುವ ಹಾಗೆಯೇ ಒಂದು ಸಲ ಮಾಡಿ ತೋರಿಸಿ ಎಂದಳು. ಸಿದ್ದಮ್ಮನ ಬೆರಳುಗಳು ಕೀಬೋರ್ಡಿನ ಕೀಲಿಗಳ ಮೇಲೆ ಸರಸರ ಓಡಿದವು. ಯಂತ್ರದ ದನಿ ಊರು, ತಾರೀಖು, ಕುರಿಗಳ ಸಂಖ್ಯೆ ಓದಿತು. 'ಬುಕ್ ಮಾಡಿ' ಎಂಬ ಬಟನ್ ಬಂತು. ಒತ್ತಿದರು.

ಏನೂ ಕೇಳಿಸಲಿಲ್ಲ.

ಸಿದ್ದಮ್ಮ ತಲೆ ವಾಲಿಸಿ ಕಾದರು. ಮತ್ತೆ ಒತ್ತಿದರು.

"ಯಾಕೆ ಎರಡನೇ ಸಲ ಒತ್ತಿದ್ರಿ?"

"ಸುಮ್ಕಿದ್ನಲ್ಲ ಅವ್ನು. ಕೇಳಿಸ್ಕಂಡ್ನೋ ಇಲ್ವೋ ಹೆಂಗ್ ಗೊತ್ತಾಯ್ತದೆ? ನಾವು ಚಿಕ್ಕೋರಿದ್ದಾಗ ರೊಪ್ಪದಲ್ಲಿ ನಮ್ಮಪ್ಪ ಕತೆ ಹೇಳೋನು. ನಾವು ಹೂಂ, ಹೂಂ ಅಂತಿರ್ಬೇಕು. ಹೂಂ ನಿಲ್ತು ಅಂದ್ರೆ ಹಿಂದಕ್ಕೋಗಿ ಅದೇ ಮಾತ ಇನ್ನೊಂದ್ಸಲ ಹೇಳೋನು. ಅದೇ ಅಭ್ಯಾಸ ಬಂದ್ಬುಟ್ಟೈತೆ."

ಪರದೆಯ ಮೂಲೆಯಲ್ಲಿ ಹಸಿರು ಚೀಟಿಯೊಂದು ಮೂಡಿ ಮೂರು ಸೆಕೆಂಡಿಗೆ ಮಾಯವಾಗಿದ್ದನ್ನು ಶಿವಲಕ್ಷ್ಮಿ ನೋಡಿದಳು. ಅದು ಅವಳದೇ ವಿನ್ಯಾಸ. ಯಾರಿಗೂ ಅಡ್ಡಿ ಮಾಡದೆ ಬಂದು ಹೋಗುವ ಸಂದೇಶ ಎಂದು ಕೈಪಿಡಿಯಲ್ಲಿ ಬರೆದು ಹೆಮ್ಮೆಪಟ್ಟಿದ್ದಳು. ತನ್ನ ಹಾಗೆಯೇ ಮೆತ್ತಗಿದೆ ಎಂದು ಅದರ ಮೇಲೆ ಪ್ರೀತಿಯೂ ಇತ್ತು. ಕಿವಿಯೊಂದನ್ನೇ ನಂಬಿ ಕೂತವರಿಗೆ ಆ ಮೆತ್ತಗಿನ ಗುಣವೇ ಬಾಗಿಲು ಹಾಕಿದ ಹಾಗೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ತಪ್ಪು ತನ್ನದು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ದಮ್ಮನೇ, "ನಂದೇ ಏನೋ ಎಡವಟ್ಟು ಬಿಡು" ಎಂದರು. ಆ ಮಾತನ್ನು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊತ್ತುಕೊಂಡು ಬಂದಳು.

ಕಂಪನಿಯಲ್ಲಿ ಕೋಡ್ ಬರೆಯುವವಳು ಮೆಹ್ರೀನ್. ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಲೇ, ನಾನೂ ಕಣ್ಮುಚ್ಕೊಂಡು ಒಂದ್ಸಲಾನೂ ನೋಡಿಲ್ವಲ್ಲೇ ಇದನ್ನ!" ಸಂಜೆಯೊಳಗೆ ಚೀಟಿಗೆ ದನಿ ಕೂಡಿಸಿದಳು. ಗುರುವಾರ ಬೆಳಿಗ್ಗೆ ಶಿವಲಕ್ಷ್ಮಿ ಮತ್ತೆ ಅದೇ ಬಸ್ಸು ಹತ್ತಿದಳು.

ಸಿದ್ದಮ್ಮ ಒತ್ತಿದರು. ಬಟನ್ನಿನ ಹೆಸರು ಓದುತ್ತಿದ್ದ ದನಿಯನ್ನು ಅರ್ಧಕ್ಕೇ ಕತ್ತರಿಸಿ, "ಬುಕಿಂಗ್ ಯಶಸ್ವಿಯಾಗಿದೆ!" ಎಂದು ಯಂತ್ರ ಕೂಗಿತು. ಸಿದ್ದಮ್ಮ ಬೆಚ್ಚಿದರು.

"ಅಯ್ಯೋ ಇವ್ನ! ಬಾಯಿಬಡುಕ. ಹಿಂಗಲ್ಲ ಮಗ. ಕತೆ ಹೇಳೋನು ಉಸ್ರು ತಗಳ್ಳೋ ಜಾಗದಲ್ಲಿ ಹೂಂ ಅನ್ಬೇಕು. ಮಾತಿನ್ ಮಧ್ಯ ಅಂದ್ರೆ ಅಪ್ಪ ತಲೆಗ್ ಮೊಟಕೋನು. ಯಾವೂರು, ಯಾವತ್ತು ಅಂತ್ಲೂ ಹೇಳ್ಲಿ ಒಸಿ. ಬರೀ ಯಶಸ್ಸು ಕಟ್ಕಂಡು ನಾನೇನ್ ಮಾಡ್ಲಿ?"

ಶಿವಲಕ್ಷ್ಮಿ ಅಲ್ಲೇ ಕೂತು ಮೆಹ್ರೀನ್‌ಗೆ ಫೋನು ಹಚ್ಚಿದಳು. ಸಂಜೆಯವರೆಗೆ ಇಬ್ಬರೂ ತಿದ್ದಿದರು, ಸಿದ್ದಮ್ಮ ಕೇಳಿ ಕೇಳಿ ಬಯ್ದರು. ಕೊನೆಗೆ ಚೀಟಿಯ ದನಿ ಬೇರೆ ಮಾತು ಮುಗಿಯುವವರೆಗೆ ಕಾಯುವಂತಾಯಿತು. ಅದನ್ನು ಮತ್ತೆ ಕೇಳಬೇಕಾದರೆ ಒಂದು ಕೀಲಿ ಒತ್ತಿದರೆ ಸಾಕು. ಕಾಣುವವರಿಗೂ ಚೀಟಿ ಮೂರೇ ಸೆಕೆಂಡಿಗೆ ಓಡಿಹೋಗದೆ, ಮುಚ್ಚುವವರೆಗೆ ನಿಂತಿತು. ಬಟನ್ನನ್ನು ಎರಡನೇ ಸಲ ಒತ್ತಿದರೆ, ಆಗಲೇ ಬುಕ್ ಆಗಿದೆ ಎಂದು ತಿಳಿಸಿತು.

ಶುಕ್ರವಾರ ಕಮಿಟಿಯ ಎಂಟು ಜನ ಸಿದ್ದಮ್ಮನ ಮೇಜಿನ ಸುತ್ತ ಸೇರಿದರು. ಚಿಕ್ಕಯ್ಯ ಮಾತು ಶುರು ಮಾಡುವ ಮೊದಲೇ ಶಿವಲಕ್ಷ್ಮಿ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಯಾವತ್ತೂ ಮಾತಾಡಿದವಳಲ್ಲ.

"ಮೂರು ಸಲ ಬುಕ್ ಆಗಿದ್ದು ಸಿದ್ದಮ್ಮನೋರ ತಪ್ಪಲ್ಲ. ಆ ಚೀಟಿ ಮಾಡಿದ್ದು ನಾನು. ಅದಕ್ಕೆ ದನಿ ಇರ್ಲಿಲ್ಲ. ಬುಕ್ ಆಯ್ತು ಅಂತಾಗ್ಲಿ, ಜಾಗ ಇಲ್ಲ ಅಂತಾಗ್ಲಿ ಅವ್ರಿಗೆ ಉತ್ತರಾನೇ ಕೊಡ್ತಿರ್ಲಿಲ್ಲ ಅದು. ಬುಧವಾರಾನೇ ಹೇಳ್ಬೇಕಿತ್ತು ನಾನು."

ಚಿಕ್ಕಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡರು. "ಹಂಗಾರೆ ನಾವು ಸಿದ್ದಮ್ಮಕ್ಕನ್ನ ಬಯ್ದಿದ್ದೆಲ್ಲ?"

"ವಾಪಸ್ ತಗಂಡೋಗಪ್ಪ, ಎಲ್ಲ ಹಂಗೇ ಮಡಗಿದೀನಿ" ಎಂದರು ಸಿದ್ದಮ್ಮ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಫೋನು ಬಂತು. ಮಂಗಳವಾರ ಕಾದು ಕಾದು ಸಾಕಾಗಿದ್ದ ಗೌಡನದೊಡ್ಡಿಯ ಮುತ್ತುರಾಜು. "ಅಕ್ಕೋ, ಈ ಸಲಾನಾದ್ರೂ ಬತ್ತದಾ ನಿನ್ ಗಾಡಿ? ಇಲ್ಲಾಂದ್ರೆ ಎಂಬತ್ತು ಕುರೀನೂ ನಿನ್ನಾಪೀಸಿಗೇ ಹೊಡ್ಕಂಡ್ ಬತ್ತೀನಿ."

"ಹೊಡ್ಕಂಡ್ ಬಾರ್ಲಾ, ಕುರ್ಚಿ ಹಾಕಿಸ್ತೀನಿ" ಎನ್ನುತ್ತ ಸಿದ್ದಮ್ಮ ಬರೆದರು. ಬಟನ್ ಒತ್ತಿದರು.

ಯಂತ್ರ ಬಟನ್ನಿನ ಹೆಸರು ಓದಿ ಮುಗಿಸಿತು. ಒಂದು ಉಸಿರಿನಷ್ಟು ಮೌನ. ಸಿದ್ದಮ್ಮನ ಬೆರಳು ಕೀಲಿಯ ಮೇಲೆಯೇ ಇತ್ತು. ಶಿವಲಕ್ಷ್ಮಿ ಆ ಬೆರಳನ್ನೇ ನೋಡುತ್ತಿದ್ದಳು. ಅದು ಒತ್ತಲಿಲ್ಲ.

"ಗೌಡನದೊಡ್ಡಿ, ಸೋಮವಾರ, ಎಂಬತ್ತು ಕುರಿ. ಬುಕ್ ಆಯಿತು."

"ಹೂಂ" ಎಂದರು ಸಿದ್ದಮ್ಮ, ಯಂತ್ರಕ್ಕೆ. ಆಮೇಲೆ ಫೋನಿಗೆ, "ಸೋಮ್ವಾರ ಕಣ್ಲಾ. ಕುರಿ ಮೇಯಾಕ್ ಬಿಡಬ್ಯಾಡ."

ಚಿಕ್ಕಯ್ಯ ಎದ್ದರು. "ಇನ್ನೇನ್ ಕಮಿಟಿ? ನಡೀರಿ, ಟೀ ಕುಡಿಯವ."

ಎಲ್ಲರೂ ಹೊರಟ ಮೇಲೆ ಶಿವಲಕ್ಷ್ಮಿ ಲ್ಯಾಪ್‌ಟಾಪ್ ತೆರೆದು ಕೈಪಿಡಿಯ ಆ ಪುಟವನ್ನು ಹೊಸದಾಗಿ ಬರೆದಳು. 'ಪರೀಕ್ಷಿಸಿದವರು' ಎಂಬಲ್ಲಿ ಇಲ್ಲಿಯವರೆಗೆ ಕಂಪನಿಯವರ ಹೆಸರೇ ಇರುತ್ತಿತ್ತು. ಅಲ್ಲಿ 'ಸಿದ್ದಮ್ಮ, ವಿರೂಪಾಕ್ಷಿಪುರ' ಎಂದು ಹಾಕಿದಳು. ಬಯ್ಯುತ್ತಲೇ ಹಿಂದಿನ ದಿನವಿಡೀ ತನ್ನನ್ನು ತಿದ್ದಿದ ಹೆಂಗಸಿನ ಪಕ್ಕದಿಂದ ಎದ್ದು ಬ್ಯಾಗು ಹೆಗಲಿಗೇರಿಸಿದಳು.

"ಮುಂದಿನ್ ಸಲ ಬಂದ್ರೆ ನಮ್ಮನೇಲಿ ಉಂಡ್ಕಂಡೇ ಹೋಗ್ಬೇಕು, ಆಯ್ತಾ ಮಗ?"

ಶಿವಲಕ್ಷ್ಮಿ ಎಂದಿನಂತೆ ತಲೆಯಾಡಿಸಿದಳು.

ಸಿದ್ದಮ್ಮ ತಲೆ ವಾಲಿಸಿ ಕಾದರು. ಆಮೇಲೆ ಅದೇ ಮಾತನ್ನು, ಅದೇ ದನಿಯಲ್ಲಿ, ಇನ್ನೊಂದು ಸಲ ಹೇಳಿದರು. "ಮುಂದಿನ್ ಸಲ ಬಂದ್ರೆ ನಮ್ಮನೇಲಿ ಉಂಡ್ಕಂಡೇ ಹೋಗ್ಬೇಕು, ಆಯ್ತಾ ಮಗ?"

"ಹೂಂ, ದೊಡ್ಡವ್ವ" ಎಂದಳು ಶಿವಲಕ್ಷ್ಮಿ, ಕೇಳಿಸುವಷ್ಟು ಗಟ್ಟಿಯಾಗಿ.