ಹದಿನಾಲ್ಕನೇ ಪ್ರಶ್ನೆ

ಚುನಾವಣೆಗೆ ಹನ್ನೊಂದು ದಿನ ಉಳಿದಿತ್ತು. ಸಮೀಕ್ಷೆ ಕಚೇರಿಯಲ್ಲಿ ಮೂವತ್ತು ಫೋನುಗಳು. ಕಿಟಕಿ ಪಕ್ಕದ್ದು ಅವಳದು. ಪ್ರಶ್ನೆಯನ್ನು ಬರೆದಂತೆಯೇ ಓದಬೇಕು. ಕೇಳಿಸಿಕೊಂಡವರಿಗೆ ಅನುಮಾನ ಬಂದರೆ ಅದನ್ನೇ ಮತ್ತೆ ಓದಬೇಕು, ಒಂದು ಮಾತೂ ಸೇರಿಸಬಾರದು. ಸಮಾಧಾನದ ಮಾತು ಸೇರಿಸಿದ್ದಕ್ಕೆ ಹಿಂದಿನ ವಾರ ಒಬ್ಬಳು ಕೆಲಸ ಕಳೆದುಕೊಂಡಿದ್ದಳು. ಕರೆ ನಡೆಯುವಾಗಲೇ ಲೈನಿಗೆ ಸೇರಿ ಕದ್ದು ಕೇಳುವ ಮೇಲ್ವಿಚಾರಕನಿಗೆ ಹುಡುಗಿಯರು ಇಟ್ಟ ಹೆಸರು ‘ಕಿವಿ ಸಾರ್’.

ಆ ಮಧ್ಯಾಹ್ನ ಫೋನ್ ಎತ್ತಿದ್ದು ಒಬ್ಬ ಅಜ್ಜ. ಮಾತಿನ ಹಿಂದೆ ಏನೋ ಬುಸ್ ಎನ್ನುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬುಸ್.

“ಬುಸುಗುಡ್ತಿರೋದು ನನ್ನ ಹೆಂಡ್ತಿ ಅಲ್ಲ ಕಣಮ್ಮ, ಆಕ್ಸಿಜನ್ ಮಿಷನ್ನು. ಸರ್ಕಾರಿ ಆಸ್ಪತ್ರೆಯವರು ಪುಕ್ಕಟೆ ಕೊಟ್ಟಿದ್ದು. ಇದಿಲ್ದೆ ಬಚ್ಚಲವರೆಗೂ ಹೋಗಲಾರೆ.”

ಹದಿಮೂರು ಪ್ರಶ್ನೆ ಸಲೀಸಾಗಿ ಮುಗಿದವು. ಅವಳು ಕೊನೆಯದನ್ನು ಓದಿದಳು: “ಸರ್ಕಾರಿ ಆಸ್ಪತ್ರೆಗಳ ಸೇವೆಗಳನ್ನು ಖಾಸಗಿ ಕಂಪನಿಗಳಿಗೆ ವಹಿಸುವುದನ್ನು ನೀವು ಒಪ್ಪುತ್ತೀರಾ, ಇಲ್ಲವೇ?”

ಗೆದ್ದರೆ ವಹಿಸುತ್ತೇವೆ ಎಂದು ಒಂದು ಪಕ್ಷ ಹೇಳಿತ್ತು. ಸಮೀಕ್ಷೆ ಮಾಡಿಸುತ್ತಿರುವವರು ಯಾರೆಂದು ಅವಳಿಗೂ ತಿಳಿಸಿರಲಿಲ್ಲ.

ಯಂತ್ರ ನಾಲ್ಕು ಸಲ ಬುಸುಗುಟ್ಟಿತು.

“ನನ್ನ ನಂಬರು ಆಸ್ಪತ್ರೆಯವರೇ ಕೊಟ್ರಾ?”

ಇದಕ್ಕೆ ಕೊಡಬೇಕಾದ ಉತ್ತರ ಪ್ರಶ್ನೆಗಳ ಹಾಳೆಯಲ್ಲೇ ಇತ್ತು. “ಇಲ್ಲ, ಕಂಪ್ಯೂಟರ್ ತಾನಾಗಿ ಆರಿಸುತ್ತದೆ.”

“ಹಂಗೇ ಅಂತಾರೆ. ನಿಜ ಹೇಳಿ ತಾಯಿ, ಏನು ಹೇಳಿದ್ರೆ ಮಿಷನ್ ವಾಪಸ್ ತಗೊಳ್ಳಲ್ಲ?”

ನಿಮ್ಮ ಉತ್ತರಕ್ಕೂ ಮಿಷನ್‌ಗೂ ಸಂಬಂಧವಿಲ್ಲ ಅಜ್ಜ ಎನ್ನಲು ಬಾಯಿ ತೆರೆದಳು. ಹೆಡ್‌ಫೋನಿನಲ್ಲಿ ಟಕ್ ಎಂದಿತು. ಕಿವಿ ಸಾರ್ ಲೈನಿಗೆ ಬಂದಿದ್ದ.

“ಪ್ರಶ್ನೆಯನ್ನು ಮತ್ತೊಮ್ಮೆ ಓದುತ್ತೇನೆ,” ಎಂದು ಓದಿದಳು, ಅಕ್ಷರ ಬಿಡದೆ.

“ಎರಡು ಸಲ ಕೇಳಿದ್ರಲ್ಲ, ಅರ್ಥ ಆಯ್ತು ಬಿಡಿ,” ಎಂದರು ಅಜ್ಜ. ದನಿ ಇಳಿದಿತ್ತು. “ಒಪ್ತೀನಿ. ಪೂರ್ತಿ ಒಪ್ತೀನಿ ಅಂತಲೇ ಬರ್ಕೊಳ್ಳಿ. ಲೇ, ಬಾರೇ ಇಲ್ಲಿ, ನೀನೂ ಒಪ್ತೀನಿ ಅನ್ನು!”

“ಏನನ್ನ ಒಪ್ಪೋದು?” ದೂರದಿಂದ ಅಜ್ಜಿಯ ದನಿ.

“ಮೊದಲು ಒಪ್ಕೊ, ಆಮೇಲೆ ಕೇಳು!”

‘ಸಂಪೂರ್ಣ ಒಪ್ಪಿಗೆ’ ಎಂಬಲ್ಲಿ ಅವಳು ಗುರುತು ಹಾಕಿದಳು. ಬೆಳಗಿನಿಂದ ಅದು ಹತ್ತೊಂಬತ್ತನೆಯದು. ಅವರಲ್ಲಿ ಇನ್ನೆಷ್ಟು ಜನ ಹೀಗೆಯೇ ಒಪ್ಪಿದ್ದರೋ. ಹಾಳೆಯಲ್ಲಿ ಕೊನೆಯ ಸಾಲು ಉಳಿದಿತ್ತು. ಕಿವಿ ಸಾರ್ ಕೇಳುತ್ತಲೇ ಇದ್ದ.

“ನಿಮ್ಮ ಸಮಯಕ್ಕೆ ಧನ್ಯವಾದ. ಅಗತ್ಯವಿದ್ದರೆ ನಮ್ಮವರು ನಿಮ್ಮ ಮನೆಗೆ ಭೇಟಿ ನೀಡಬಹುದು.”

ಅಜ್ಜ ಫೋನ್ ಇಡುವುದನ್ನು ಮರೆತರು. ಬುಸ್ ಎಂಬ ಸದ್ದಿನ ನಡುವೆ ಅವರ ಪಿಸುಮಾತು ಕೇಳಿಸಿತು:

“ಚಿಲಕ ಹಾಕೇ. ಬರ್ತಾರಂತೆ.”