ಐವತ್ತು ನಿಮಿಷದ ದಾರಿ

ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವವರೆಗೆ ಚನ್ನಬಸವ್ವ ಪೊರಕೆ ಮುಟ್ಟುವವಳಲ್ಲ. ಹೋದವರ ಬೆನ್ನಿಗೇ ಕಸ ಗುಡಿಸಿದರೆ ಅವರನ್ನೇ ಗುಡಿಸಿ ಹಾಕಿದಂತೆ ಎಂದು ತವರಿನಲ್ಲಿ ಕಲಿತದ್ದು. ಗಂಡ ಗೂಳಪ್ಪ ಅರಿವೆ ವ್ಯಾಪಾರಕ್ಕೆಂದು ಬೆಳಗಾವಿಯ ಬಸ್ಸು ಹತ್ತಿದಾಗಲೆಲ್ಲ ಪುಣೆಯ ಧನಕವಡಿಯ ಆ ಮನೆಯಲ್ಲಿ ದಿನವಿಡೀ ಕಸ ಬಿದ್ದಿರುತ್ತಿತ್ತು. “ನನ್ನ ಜೀವಾ ಪೊರಕಿಗೆ ಕಟ್ಟೀಯೇನು?” ಎಂದು ಅವನು ನಗಾಡುತ್ತಿದ್ದ.

ಈ ಸಲ ಮಾತ್ರ ಅವನು ವಿಮಾನ ಹತ್ತಿದ್ದ. ಬೆಳಗಾವಿಯಲ್ಲಿ ಅಣ್ಣನಿಗೆ ಮಧ್ಯಾಹ್ನವೇ ಎದೆಯ ಆಪರೇಶನ್. ಬಸ್ಸಿನಲ್ಲಿ ಹೋದರೆ ಅದಕ್ಕೆ ಮೊದಲು ಸಿಗುವ ಭರವಸೆಯಿರಲಿಲ್ಲ. ಸೊಸೆ ನೀತಾ ಕಾಲೇಜಿನಲ್ಲಿ ಗಣಿತ ಕಲಿಸುವವಳು, ಲೆಕ್ಕವೆಲ್ಲ ನಾಲಿಗೆಯ ತುದಿಯಲ್ಲೇ.

“ಆಕಾಶದಾಗ ಘಾಟ ಇಲ್ಲ, ತಿರುವು ಇಲ್ರಿ ಅತ್ತಿ. ನೆಟ್ಟಗ ಮುನ್ನೂರು ಕಿಲೋಮೀಟರು. ಐವತ್ತು ನಿಮಿಷದಾಗ ಬೆಳಗಾವಿ ಸಾಂಬ್ರಾದಾಗ ಇಳೀತಾರ್ರಿ.”

ಹತ್ತಕ್ಕೆ ವಿಮಾನ. ಹನ್ನೊಂದು ಹೊಡೆಯಿತು. ಇಳಿದೇ ಇರುತ್ತಾನೆ, ಇನ್ನು ಸುದ್ದಿಗೆ ಯಾಕೆ ಕಾಯಬೇಕು? ಚನ್ನಬಸವ್ವ ಸೆರಗು ಬಿಗಿದು ಮೂಲೆಮೂಲೆ ಗುಡಿಸಿ, ಕಸವನ್ನು ಹಿತ್ತಲ ಡಬ್ಬಿಗೆ ಸುರಿದು ಬಂದಳು.

ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು. ಕಾಕಾನನ್ನು ಕರೆತರಲು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗಿದ್ದ ಭಾವನ ಮಗ ಬಸವಲಿಂಗ.

“ಕಾಕಿ, ವಿಮಾನ ಇನ್ನೂ ಬಂದಿಲ್ರಿ. ಪುಣೆ ಬಿಟ್ಟು ಭಾಳ ಹೊತ್ತಾತಂತ. ಇಲ್ಲಿ ಮಳಿ, ಏನೂ ಕಾಣವಲ್ದು. ಎಲ್ಲಿ ಅದ ಅಂತ ಕೇಳಿದ್ರ ಯಾರೂ ಬಾಯಿ ಬಿಡವಲ್ರು.”

ಚನ್ನಬಸವ್ವ ಫೋನು ಅಲ್ಲೇ ಇಟ್ಟಳು. ಗಂಡ ನೆಲದ ಮೇಲೆ ಹೋಗುತ್ತಿದ್ದಾಗ ವರ್ಷಗಟ್ಟಲೆ ತಡೆದುಕೊಂಡವಳು, ನೆಲ ಬಿಟ್ಟ ದಿನವೇ ದುಡುಕಿದೆನಲ್ಲ! ಹಾಳು ಗಡಿಯಾರವನ್ನು ನಂಬಿ ಕೈಯಾರೆ ಗಂಡನನ್ನು ಹೊರಗೆ ಹಾಕಿದೆನಲ್ಲ! ಹಿತ್ತಲಿಗೆ ಓಡಿ ಡಬ್ಬಿಗೆ ಕೈ ಹಾಕಿದಳು. ಉಳ್ಳಾಗಡ್ಡಿಯ ಸಿಪ್ಪೆ, ಕೂದಲು, ಅರಿವೆಯ ದಾರ, ಧೂಳು, ಎಲ್ಲವನ್ನೂ ಬೊಗಸೆ ಬೊಗಸೆ ತಂದು ಹೊಸ್ತಿಲಿನಿಂದ ಪಡಸಾಲೆಯುದ್ದಕ್ಕೂ ಹರವಿದಳು.

“ಏನ್ ಮಾಡ್ಲಿಕತ್ತೀರಿ ಅತ್ತಿ?”

“ಇರಲಿ, ತಗೀಬ್ಯಾಡ. ಅವರು ಇನ್ನೂ ಮುಟ್ಟಿಲ್ಲ.”

ನೀತಾ ಮಾವನ ಮೊಬೈಲಿಗೆ ಫೋನು ಹಚ್ಚಿದಳು. ಬಂದ್ ಇತ್ತು. ಮತ್ತೆ ಹಚ್ಚಿದಳು, ಮತ್ತೂ ಹಚ್ಚಿದಳು. ಐವತ್ತು ನಿಮಿಷ ಮೀರಿದ ಮೇಲಿನ ಲೆಕ್ಕ ಅವಳಿಗೂ ಬರುತ್ತಿರಲಿಲ್ಲ. ಒಳಗೆ ಹೊರಗೆ ಓಡಾಡುವಾಗ ಆ ಕಸ ಕದಡದಂತೆ ಕಾಲೆತ್ತಿ ದಾಟತೊಡಗಿದಳು. ಚನ್ನಬಸವ್ವ ಅದನ್ನು ನೋಡಿ ಇನ್ನಷ್ಟು ಹೆದರಿದಳು.

ಮತ್ತೆ ಫೋನು ಹೊಡೆದುಕೊಂಡಾಗ ಇಬ್ಬರಿಗೂ ಎತ್ತುವ ಧೈರ್ಯವಾಗಲಿಲ್ಲ. ಕೊನೆಗೆ ಚನ್ನಬಸವ್ವನೇ ಎತ್ತಿದಳು.

“ನಾನ,” ಎಂದ ಗೂಳಪ್ಪ. “ಬೆಳಗಾವಿಯಾಗ ಇಳೀಲಿಕ್ಕೆ ಆಗ್ಲಿಲ್ಲ. ಮ್ಯಾಲೆ ಗಿರಕಿ ಹೊಡದು ಹೊಡದು ತಿರಿಗಿ ಪುಣೆಕ್ಕ ತಂದಾರ.”

ಅವಳಿಗೆ ಅಳು ಒತ್ತರಿಸಿ ಬಂತು. “ಮನೀಗೆ ಬಂದುಬಿಡ್ರಿ.”

“ಹ್ಯಾಂಗ ಬರ್ಲಿ? ಅಣ್ಣನ್ನ ಒಳಗ ಕರಕೊಂಡು ಹೋಗ್ಯಾರ. ಮಳಿ ನಿಂತ್ರ ಅದ ವಿಮಾನ ಮತ್ತ ಬಿಡ್ತಾರಂತ. ಹೋಗಬೇಕು.”

“ನಂದ ತಪ್ಪುರಿ. ನೀವು ಮುಟ್ಟೀರಿ ಅಂತ ತಿಳದು ಕಸಾ ಹೊಡದೆ.”

ಇನ್ನು ನಗುತ್ತಾನೆ ಎಂದು ಕಾದಳು. ಅವನು ನಗಲಿಲ್ಲ. ಆ ಕಡೆ ಯಾವುದೋ ಕೂಸು ಅಳುತ್ತಿತ್ತು, ಯಾರೋ ಮರಾಠಿಯಲ್ಲಿ ಜಗಳಾಡುತ್ತಿದ್ದರು. ಆಮೇಲೆ ಪಕ್ಕದವರಿಗೆ ಕೇಳಿಸದಂತೆ ದನಿ ತಗ್ಗಿಸಿ ಅವನೆಂದ:

“ಈ ಸಲ ನಾ ಫೋನ್ ಮಾಡೋತನಕಾ ಕಸಾ ಹೊಡೀಬ್ಯಾಡ.”