ಲಾಟೀನು ಮನೆಯವರು

ತಕ್ಕಡಿಯ ಮುಳ್ಳು ನಡುಗಿ ನಿಲ್ಲುವವರೆಗೂ ಮರ್ಟಿ ಲೌನಿ ಕಣ್ಣು ಮುಚ್ಚಿಕೊಂಡೇ ಇದ್ದ. ಕೋಟು ಬಿಚ್ಚಿದ್ದ, ಬೂಟು ಬಿಚ್ಚಿದ್ದ, ಜೇಬಿನಲ್ಲಿದ್ದ ಜಪಮಾಲೆಯನ್ನೂ ತೆಗೆದು ಕುರ್ಚಿಯ ಮೇಲಿಟ್ಟಿದ್ದ. ದೇವರ ಭಾರವನ್ನು ತನ್ನ ಮೈಮೇಲೆ ಬರೆಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

"ಮತ್ತೆ ಏರಿದೆ, ಮರ್ಟಿ ಮಾಮ," ಎಂದಳು ರೋಷೀನ್. ಅವಳು ಊರಿನ ಆಸ್ಪತ್ರೆಯಲ್ಲಿ ನರ್ಸು. ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ತೂಕ ಇಳಿಸುವವರ ಕೂಟ ನಡೆಸುತ್ತಿದ್ದಳು.

"ಏರದೆ ಇನ್ನೇನಾಗುತ್ತೆ? ನೀನು ಹೇಳಿದ ಹುಲ್ಲನ್ನೇ ತಿಂತಿದೀನಿ. ಹಸು ಕೂಡ ಹುಲ್ಲು ತಿಂದೇ ಅಷ್ಟು ದಪ್ಪ ಆಗೋದು. ಅದನ್ನ ಯಾಕೆ ಯಾವ ಡಾಕ್ಟ್ರೂ ಹೇಳಲ್ಲ?"

ನೆಲಮಾಳಿಗೆಯೆಲ್ಲ ನಕ್ಕಿತು. ಮರ್ಟಿ ಬಾಯಿ ತೆರೆದರೆ ನಗಬೇಕು ಎಂಬುದು ಬ್ಯೂಟ್ ಊರಿನಲ್ಲಿ ದೇವರ ಹತ್ತು ಆಜ್ಞೆಗಳ ಮೇಲೆ ಹೆಚ್ಚುಕಡಿಮೆ ಹನ್ನೊಂದನೆಯದು. ನಗದೆ ಕೂತಿದ್ದವಳು ರೋಷೀನಳ ದೊಡ್ಡಮ್ಮ ಹನೋರಾ ಹ್ಯಾರಿಂಗ್ಟನ್ ಒಬ್ಬಳೇ. ಅವಳ ತೊಡೆಯ ಮೇಲೆ ಕೈಚೀಲ, ಚೀಲದೊಳಗೆ ತಗಡಿನ ಡಬ್ಬಿ, ಡಬ್ಬಿಯೊಳಗೆ ಬೆಣ್ಣೆ ಸುರಿದು ಬೇಯಿಸಿದ ಸೇಬಿನ ಕೇಕು. ಇನ್ನೂ ಬೆಚ್ಚಗಿತ್ತು.

ಕೂಟ ಮುಗಿದ ಮೇಲೆ ಹೊರಗೆ ಹಿಮದಲ್ಲಿ ಮರ್ಟಿ ಮಂಡಿ ನೀವಿಕೊಳ್ಳುತ್ತ ನಿಂತಿದ್ದಾಗ ಅವಳು ಡಬ್ಬಿಯನ್ನು ಅವನ ಕೈಗಿತ್ತಳು.

"ನಾನು ತಿನ್ನೋ ಹಾಗಿಲ್ಲ. ಬಿಸಾಕೋಕೆ ಮನಸ್ಸು ಬರಲ್ಲ. ತಗೊಂಡು ಹೋಗು."

"ನನ್ನ ತೂಕ ನೋಡಿದೆಯಲ್ಲೇ?"

"ಒಂದು ತುಂಡಿಗೆ ಏನೂ ಆಗಲ್ಲ, ತಿನ್ನೋ."

ಮರ್ಟಿಯ ಹೆಂಡತಿ ಸತ್ತು ವರ್ಷಗಳಾಗಿದ್ದವು. ಅವನಿಗೆ ಕೇಕು ಮಾಡಿಕೊಡುವವರು ಯಾರೂ ಇರಲಿಲ್ಲ. ಅವನು ಡಬ್ಬಿಯನ್ನು ಕೋಟಿನೊಳಗೆ ಎದೆಗೊತ್ತಿ ಇಟ್ಟುಕೊಂಡ. "ನಾನು ನಿನಗೆ ಏನೇನೆಲ್ಲ ಅಂದಿದೀನಿ. ಆದ್ರೂ ನೀನು..." ಎಂದ.

"ಹಳೇದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ," ಎಂದಳು ಹನೋರಾ.

ಹಳೆಯದರಲ್ಲಿ ಒಂದೊಂದು ಅಕ್ಷರವೂ ಅವಳಿಗೆ ನೆನಪಿತ್ತು.

ಬ್ಯೂಟ್ ತಾಮ್ರದ ಗುಡ್ಡದ ಮೇಲೆ ಕೂತ ಊರು. ಅಜ್ಜಂದಿರು ಐರ್ಲೆಂಡಿನ ಒಂದೇ ಮೂಲೆಯಿಂದ, ಒಂದೇ ಬರಗಾಲದ ಹಸಿವಿನಿಂದ ಎದ್ದು, ಕಡಲು ದಾಟಿ ಬಂದು ಇಲ್ಲಿನ ಗಣಿಗಳಲ್ಲಿ ಇಳಿದವರು. ಬರುವಾಗ ಹೆಸರುಗಳನ್ನು ಮಾತ್ರ ಬಹಳ ಕಡಿಮೆ ತಂದಿದ್ದರು. ಬೀದಿಯಲ್ಲಿ ಕಲ್ಲೆಸೆದರೆ ಒಬ್ಬ ಸಲಿವನ್ನನಿಗೆ ತಗುಲಿ, ಅಲ್ಲಿಂದ ಪುಟಿದು ಒಬ್ಬ ಹ್ಯಾರಿಂಗ್ಟನ್ನನಿಗೆ ಬೀಳುತ್ತಿತ್ತು. ಹಾಗಾಗಿ ಪ್ರತಿ ಮನೆಗೂ ಒಂದು ಅಡ್ಡಹೆಸರು. ಅಂಚೆಯವನು ಅದರಿಂದಲೇ ಮನೆ ಹುಡುಕುತ್ತಾನೆ, ಪಾದ್ರಿ ಅದರಿಂದಲೇ ಸತ್ತವರನ್ನು ಹೂಳುತ್ತಾನೆ. ಲೌನಿಗಳಲ್ಲಿ ಮರ್ಟಿಯ ಮನೆ 'ಗಂಟೆ ಲೌನಿ', ಏಕೆಂದರೆ ಸಂತ ಪ್ಯಾಟ್ರಿಕ್ಕನ ಹಬ್ಬದ ದಿನ ಚರ್ಚಿನ ಮೆಟ್ಟಿಲ ತುದಿಯಲ್ಲಿ ನಿಂತು ಮನೆತನಗಳನ್ನು ಕೂಗಿ ಕರೆಯುವ ಗಂಟಲು ಆ ಮನೆಯದು. ಹ್ಯಾರಿಂಗ್ಟನ್ನರಲ್ಲಿ ಹನೋರಾಳ ಮನೆ 'ಲಾಟೀನು ಹ್ಯಾರಿಂಗ್ಟನ್'. ಗಣಿಗೆ ಬೆಂಕಿ ಬಿದ್ದ ದಿನ ಅವಳ ಅಜ್ಜ ಮೇಲೆ ಬಂದವನು ಲಾಟೀನು ಹಿಡಿದು ಮತ್ತೆ ಇಳಿದಿದ್ದ. ಒಬ್ಬನನ್ನು ಹೊತ್ತು ತಂದ, ಇನ್ನೊಬ್ಬನಿಗಾಗಿ ಮತ್ತೆ ಇಳಿದ. ಆಮೇಲೆ ಲಾಟೀನು ಸಿಕ್ಕಿತು, ಅಜ್ಜ ಸಿಗಲಿಲ್ಲ.

ಆ ಹೆಸರು ಹೋದದ್ದು ಬಹಳ ವರ್ಷಗಳ ಹಿಂದೆ, ಒಂದು ಮದುವೆಯಲ್ಲಿ. ಹನೋರಾ ಕೂತಿದ್ದ ಕುರ್ಚಿಯ ಕಾಲು ಲಟಕ್ಕನೆ ಮುರಿದು, ಅವಳು ಪಿಟೀಲಿನವರ ಕಾಲಬುಡಕ್ಕೆ ಬಿದ್ದಳು. ಸಂಗೀತ ನಿಂತಿತು. ಆ ಮೌನದಲ್ಲಿ ಮರ್ಟಿಯ ಗಂಟಲು ಎದ್ದಿತು: "ಗಾಬರಿ ಆಗ್ಬೇಡ್ರಪ್ಪೋ! ಗಣಿ ಕುಸಿದಿಲ್ಲ. ನಮ್ಮ ಪೀಪಾಯಿ ಉರುಳ್ತು ಅಷ್ಟೆ!"

ಈ ಊರಿಗೆ ಒಂದು ಮಾತನ್ನು ಒಂದು ಸಲ ಹೇಳಿದರೆ ಸಾಕು. ಕ್ರಿಸ್‌ಮಸ್ ಹೊತ್ತಿಗೆ ಅವಳು ಪೀಪಾಯಿ ಹನೋರಾ ಆಗಿದ್ದಳು, ಮಗ ಪೀಪಾಯಿ ಮೈಕ್ ಆಗಿದ್ದ. ಅದನ್ನೂ ನುಂಗಿಕೊಂಡಳು. ಆದರೆ ಗಣಿ ಬೆಂಕಿಯಲ್ಲಿ ಸತ್ತವರ ನೆನಪಿನ ಪೂಜೆಯಲ್ಲಿ, ಹೊಸದಾಗಿ ಬಂದ ಪಾದ್ರಿ ಗಂಭೀರವಾಗಿ "ಪೀಪಾಯಿ ಹ್ಯಾರಿಂಗ್ಟನ್ ಮನೆತನದ ವೀರ ಹಿರಿಯ" ಎಂದು ಓದಿದಾಗ ಅವಳು ಬೆಂಚಿನ ಅಂಚು ಹಿಡಿದು ಕೂತಳು. ಬೆಂಕಿಯೊಳಗಿಂದ ಬಾರದೆ ಉಳಿದವನನ್ನು ಕೂಡ ಮರ್ಟಿ ಪೀಪಾಯಿ ಮಾಡಿ ಉರುಳಿಸಿದ್ದ.

ಮೊದಲು ಅವಳು ಊಟ ಬಿಟ್ಟಳು. ಕಪ್ಪು ಚಹಾ, ಎಲೆಕೋಸಿನ ನೀರು. ಅದರ ಫಲವಾಗಿ ಒಂದು ಸಾವಿನ ಮನೆಯಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲೇ ತಲೆ ಸುತ್ತಿ ಬಿದ್ದಳು. ಕಣ್ಣು ತೆರೆಯುವ ಮುಂಚೆ ಕಿವಿ ತೆರೆದಿತ್ತು. "ಹೆಣ ಮಲಗಿದೆ, ಪೀಪಾಯಿನೂ ಮಲಗಿದೆ. ಮೊದಲು ಯಾವುದನ್ನ ಎತ್ತೋಣ?" ಎಂದು ಮರ್ಟಿ ಕೇಳುತ್ತಿದ್ದ. ಸತ್ತವನ ಹೆಂಡತಿಯೂ ಸೆರಗಿಲ್ಲದ ಕಾರಣ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ರೋಷೀನ್ ಬಂದು ಬೈದಳು. "ದೊಡ್ಡಮ್ಮ, ಇದು ತೂಕ ಇಳಿಸೋದಲ್ಲ, ಉಪವಾಸ ಸಾಯೋದು."

"ನಮ್ಮ ಮುತ್ತಜ್ಜಿಯಂದಿರು ಮಾಡಿದ್ದೇ ಅಲ್ವೇನೆ?"

"ಅವರು ಹಡಗು ಹತ್ತಿ ಓಡಿ ಬಂದದ್ದು ನೀವು ಇಲ್ಲಿ ಕೂತು ಹಸ್ಕೊಂಡಿರಲಿ ಅಂತ ಅಲ್ಲ. ಆಲೂಗಡ್ಡೆ ಬಿಡಬೇಡಿ. ತಟ್ಟೆಯಲ್ಲಿ ಕಾಲು ಭಾಗ ಆಲೂಗಡ್ಡೆ, ಕಾಲು ಭಾಗ ಮಾಂಸ, ಅರ್ಧ ತರಕಾರಿ. ಮಾಂಸ ತುಂಬಿದ ಪಾಸ್ಟಿ ಕಡುಬು ತಿನ್ನಬೇಕು ಅನ್ನಿಸಿದ್ರೆ ತಿನ್ನಿ, ಅರ್ಧ. ಇನ್ನರ್ಧ ಯಾರಿಗಾದರೂ ಕೊಡಿ. ದಿನಾ ಗುಡ್ಡ ಹತ್ತಿ ಇಳೀರಿ. ಅವಸರ ಮಾಡಬೇಡಿ."

ಅವಸರ ಮಾಡಬೇಡಿ ಎಂಬುದೊಂದು ಹನೋರಾಳಿಗೆ ಹಿಡಿಸಿತು. ಸೇಡಿಗೂ ಸೂಪಿಗೂ ಸಣ್ಣ ಉರಿಯೇ ಸರಿ ಎಂದು ಅವಳಿಗೆ ಗೊತ್ತಿತ್ತು. ಪಾಸ್ಟಿ ಅರ್ಧವಾಯಿತು. ಬೆಳಗಿನ ಪೂಜೆ ಮುಗಿಸಿ, ಹಳೆಯ ಗಣಿಯ ಕಬ್ಬಿಣದ ಗೋಪುರದ ತನಕ ಹತ್ತಿ, ಕೆಳಗೆ ನೀರು ತುಂಬಿ ಸತ್ತು ಮಲಗಿದ ಗಣಿಯ ದೊಡ್ಡ ಗುಂಡಿಯನ್ನು ಒಮ್ಮೆ ನೋಡಿ ಇಳಿಯುತ್ತಿದ್ದಳು. ಬರುವಾಗ ಚರ್ಚಿನ ಮೆಟ್ಟಿಲುಗಳನ್ನು ಪಕ್ಕದ ಕಂಬಿ ಮುಟ್ಟದೆ ಹತ್ತುತ್ತಿದ್ದಳು. ಮೊದಲು ಅರ್ಧಕ್ಕೆ ಕೂರುತ್ತಿದ್ದಳು. ಆಮೇಲೆ ಕೂರಲಿಲ್ಲ.

ತೂಕ ಇಳಿಯಿತು, ಪೀಪಾಯಿ ಇಳಿಯಲಿಲ್ಲ. "ಏನು ಪೀಪಾಯಿ, ಸೊರಗಿಬಿಟ್ಟಿದೀಯಲ್ಲ!" ಎಂದು ಜನ ಕಾಳಜಿಯಿಂದ ಕೇಳಿದರು. ಆಗ ಅವಳಿಗೆ ಅರ್ಥವಾದದ್ದು ಇಷ್ಟು: ಹೆಸರು ಮೈಮೇಲಿಲ್ಲ, ಮರ್ಟಿಯ ಗಂಟಲಲ್ಲಿದೆ. ಕಿತ್ತುಕೊಳ್ಳುವುದಾದರೆ ಅಲ್ಲಿಂದಲೇ ಕಿತ್ತುಕೊಳ್ಳಬೇಕು.

ಅದೇ ಚಳಿಗಾಲ ಮರ್ಟಿ ಮಂಗಳವಾರದ ಕೂಟಕ್ಕೆ ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕೂತ. ಮಂಡಿ ಸವೆದಿತ್ತು. ತೂಕ ಇಳಿಸದ ಹೊರತು ಚಾಕು ಮುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಹಬ್ಬದೊಳಗೆ ಮೆಟ್ಟಿಲು ಹತ್ತೋ ಹಾಗಾದ್ರೆ ಸಾಕು ಕಣೇ," ಎಂದು ಅವನೇ ಅವಳಿಗೆ ಹೇಳಿದ. "ಕೂಗೋನು ಕಂಬಿ ಮುಟ್ಟಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

ಹನೋರಾ ಆ ವಾರವೇ ಸೇಬು ಕೊಂಡಳು.

ಆಮೇಲೆ ಪ್ರತಿ ಮಂಗಳವಾರ ಡಬ್ಬಿ ಹೋಯಿತು, ತೊಳೆದು ಒರೆಸಿ ಹಿಂದಕ್ಕೆ ಬಂದಿತು. ಒಂದು ಸಲ ಡಬ್ಬಿಯೊಳಗೆ ಒಂದು ಒಣಹೂವು ಇತ್ತು. ಅವಳು ಅದನ್ನು ಒಲೆಗೆ ಹಾಕಿ, ಮುಂದಿನ ಕೇಕಿಗೆ ಇನ್ನಷ್ಟು ಬೆಣ್ಣೆ ಹಾಕಿದಳು.

"ಅತ್ತೆ, ಇಷ್ಟು ಬೆಣ್ಣೆ ಯಾರಿಗೆ?" ಎಂದು ಸೊಸೆ ಮಿಲಿತ್ಸಾ ಕೇಳಿದಳು. ಅವಳು ಕೆಳಬೀದಿಯ ಸರ್ಬಿಯಾದವರ ಮನೆಯ ಹುಡುಗಿ. ಹಬ್ಬದ ಮೆರವಣಿಗೆಗೆ ಎಲ್ಲ ಐರಿಷ್ ಸೊಸೆಯರಿಗಿಂತ ಮೊದಲು ಸೀರೆಯಷ್ಟು ಉದ್ದದ ಹಸಿರು ಬಟ್ಟೆ ತಂದು, ಮೈಕನ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಬಣ್ಣ ಬಳಿಯುತ್ತಿದ್ದಳು. "ನೀವು ಒಳಗೆ ಬರಬೇಡಿ. ಹಬ್ಬದ ದಿನ ನೋಡಿದ್ರೆ ಸಾಕು."

ಹನೋರಾ ತನ್ನದನ್ನೂ ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟ ಸೇಡು ಆರಿದ ಚಹಾ.

ಹಬ್ಬದ ದಿನ ಬಿಸಿಲಿತ್ತು, ಗಾಳಿಯೂ ಇತ್ತು, ಬೀದಿಯ ಬದಿಗಳಲ್ಲಿ ಕೊಳೆ ಹಿಮ ಗುಡ್ಡೆಬಿದ್ದಿತ್ತು. ಮನೆತನಗಳೆಲ್ಲ ಚರ್ಚಿನ ಪಕ್ಕದ ಓಣಿಯಲ್ಲಿ ಒತ್ತಿಕೊಂಡು ಕಾಯುತ್ತಿದ್ದವು. ಮೇಲಿನಿಂದ ತಮ್ಮ ಹೆಸರು ಕೇಳಿದ ಮನೆಯವರು ಮಾತ್ರ ಬೀದಿಗೆ ಬರಬೇಕು. ಬರಿಯ 'ಹ್ಯಾರಿಂಗ್ಟನ್' ಎಂದರೆ ಅರ್ಧ ಓಣಿ ಖಾಲಿಯಾಗುತ್ತದೆ. ಹಾಗಾಗಿ ಅಡ್ಡಹೆಸರು ಕಿವಿಗೆ ಬೀಳುವವರೆಗೆ ಯಾರೂ ಕಾಲು ಕೀಳುವುದಿಲ್ಲ. ಕೂಗುವವನ ಮನೆಯದೇ ಮೊದಲ ಸರದಿ.

ಮರ್ಟಿ ಅಪ್ಪನ ಕಪ್ಪು ಟೋಪಿ ಹಾಕಿಕೊಂಡು ಹತ್ತತೊಡಗಿದ. ಚೀಲದ ಪೈಪು ಊದುವವರು ಶ್ರುತಿ ಹಿಡಿದರು. ಹನೋರಾ ಮೊದಲ ಮೆಟ್ಟಿಲ ಪಕ್ಕದಲ್ಲಿ ನಿಂತು ನೋಡಿದಳು. ಅವನ ಕತ್ತಿನ ಹಿಂಭಾಗ ಕೆಂಪಾಗುವುದನ್ನು ನೋಡಿದಳು, ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಇಡುವುದನ್ನು ನೋಡಿದಳು. ಅರ್ಧಕ್ಕೆ ಬಂದವನು ನಿಂತ. ಕೈ ಕಂಬಿಯ ಕಡೆ ಹೋಗಿ, ಮುಟ್ಟದೆ ಹಿಂದೆ ಬಂತು. ಆಮೇಲೆ ಮೂಟೆ ಇಳಿಸಿದ ಹಾಗೆ ಅಲ್ಲೇ ಕೂತುಬಿಟ್ಟ.

ಶ್ರುತಿ ಎಳೆಯುತ್ತಲೇ ಇತ್ತು. ಯಾರು ಏನು ಮಾಡಬೇಕೆಂದು ಯಾರಿಗೂ ತೋಚುವ ಮುಂಚೆ ಹನೋರಾ ಹತ್ತುತ್ತಿದ್ದಳು. ಅವನನ್ನು ದಾಟುವಾಗ, "ಉಸಿರು ಸಾಲಲಿಲ್ಲ ಕಣೇ," ಎಂದ ಮರ್ಟಿ.

"ಗೊತ್ತು," ಎಂದಳು.

ತುದಿ ತಲುಪಿದಾಗ ಅವಳ ಎದೆಯಲ್ಲಿ ಉಸಿರು ಧಾರಾಳವಾಗಿತ್ತು. ಕೆಳಗೆ ಇಡೀ ಊರು ಮುಖವೆತ್ತಿ ನಿಂತಿತ್ತು. ಎಷ್ಟೋ ಬೆಳಗುಗಳಲ್ಲಿ ಗುಡ್ಡದ ಮೇಲೆ ಗಾಳಿಗೆ ಹೇಳಿ ನೋಡಿದ್ದ ಮಾತನ್ನು ಅವಳು ಮೊದಲ ಸರದಿಗೆ ಬಿಟ್ಟಳು.

"ಅರ್ಧಮೆಟ್ಟಿಲು ಲೌನಿ!"

ಕ್ಷಣ ತಡೆದು ಬೀದಿ ನಕ್ಕಿತು. ಒಬ್ಬರು ಇನ್ನೊಬ್ಬರ ಭುಜ ಹಿಡಿದು ನಕ್ಕರು. "ಅರ್ಧಮೆಟ್ಟಿಲು! ಅಯ್ಯೋ ನಮ್ಮಪ್ಪಾ, ಅರ್ಧಮೆಟ್ಟಿಲು!" ಎಂದು ಆ ಹೆಸರು ಬಾಯಿಂದ ಬಾಯಿಗೆ ಓಡಿ ಹೆಂಡದಂಗಡಿಗಳ ತನಕ ಹೋಯಿತು. ಮರ್ಟಿಯ ಮಕ್ಕಳು, ಮೊಮ್ಮಕ್ಕಳು ಓಣಿಯ ಬಾಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೆಜ್ಜೆ ಹಾಕಿದರು, ಬೇರೆ ದಾರಿ ಇರಲಿಲ್ಲ. ಮೆಟ್ಟಿಲ ಮೇಲಿನ ಕಪ್ಪು ಟೋಪಿ ಅಲುಗಲಿಲ್ಲ. ಹನೋರಾಳ ಬಾಯಲ್ಲಿ ನೀರೂರಿತು. ಯಾವ ಪಾಸ್ಟಿಗೂ ಅಷ್ಟು ಊರಿದ್ದಿಲ್ಲ.

ಎರಡು ಮೂರು ಮನೆಗಳನ್ನು ಕರೆದಳು. ಅವರು ಬಂದರು, ಹೋದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಊರಿನ ಆಚೆಯ ಗುಂಡಿಗೂ ಕೇಳಲಿ ಎಂಬಂತೆ ಕೂಗಿದಳು.

"ಲಾಟೀನು ಹ್ಯಾರಿಂಗ್ಟನ್!"

ಯಾರೂ ಬರಲಿಲ್ಲ.

ಓಣಿಯ ಬಾಯಿಯಲ್ಲೇ ಮೈಕ್ ನಿಂತಿದ್ದ. ಚಳಿಗೆ ಕಾಲು ಕುಣಿಸುತ್ತ, ಬರುವ ಮನೆಯವರಿಗೆ ದಾರಿ ಬಿಟ್ಟುಕೊಡುವವನಂತೆ ಹೆಂಡತಿ ಮಕ್ಕಳನ್ನು ಗೋಡೆಯ ಕಡೆ ಸರಿಸಿದ.

"ಲಾಟೀನು ಹ್ಯಾರಿಂಗ್ಟನ್!"

ಬೀದಿ ಖಾಲಿ ಇತ್ತು. ಗಾಳಿಗೆ ಒಂದು ಕಾಗದದ ಲೋಟ ಉರುಳಿಕೊಂಡು ಹೋಯಿತು. ಮುಂದಿನ ಸಾಲಿನ ಒಬ್ಬ ಮುದುಕ ಪಕ್ಕದವನಿಗೆ ಹೇಳಿದ್ದು ಆ ನಿಶ್ಶಬ್ದದಲ್ಲಿ ಮೇಲಿನ ತನಕ ಕೇಳಿತು. "ಲಾಟೀನಿನವರಾ? ಒಳ್ಳೇ ಜನ ಕಣಯ್ಯ. ಆ ಮನೇಲಿ ಈಗ ಯಾರೂ ಉಳಿದಿಲ್ಲ ಅನ್ಸುತ್ತೆ." ಹೇಳಿ ಅವನು ಟೋಪಿ ತೆಗೆದ. ಅವನನ್ನು ನೋಡಿ ಅಕ್ಕಪಕ್ಕದವರೂ ತೆಗೆದರು.

ಆಗ ಗಾಳಿ ಮಿಲಿತ್ಸಾಳ ಕೈಯಲ್ಲಿದ್ದ ಬಾವುಟವನ್ನು ಬಿಡಿಸಿತು. ಹಸಿರು ಬಟ್ಟೆಯ ಮೇಲೆ ದೊಡ್ಡದೊಂದು ಪೀಪಾಯಿ, ಕಂದು ಹಲಗೆಗಳು, ಒಂದೊಂದು ಕಬ್ಬಿಣದ ಪಟ್ಟಿಗೂ ಚಿನ್ನದ ಬಣ್ಣ. ಎಷ್ಟು ರಾತ್ರಿಗಳ ಕೆಲಸವೋ. ಮೊಮ್ಮಕ್ಕಳ ಟೋಪಿಗಳ ಮೇಲೂ ಪುಟ್ಟ ಪುಟ್ಟ ಪೀಪಾಯಿಗಳು. ಎಲ್ಲರೂ ಮೇಲೆ ಅವಳನ್ನೇ ನೋಡುತ್ತಿದ್ದರು, ತಮ್ಮ ಹೆಸರು ಯಾವಾಗ ಬರುತ್ತದೆ ಎಂದು.

ಪೈಪಿನವನೊಬ್ಬ ಉಸಿರು ಬದಲಿಸಿದ.

"ಕರಿಯೇ, ಹನೋರಾ," ಎಂದ ಮರ್ಟಿ ಕೆಳಗಿನಿಂದ, ತಿರುಗಿ ನೋಡದೆ. "ಮಕ್ಕಳಿಗೆ ಚಳಿ ಆಗ್ತಿದೆ."

ಅವಳು ಕರೆದಳು. ಆ ಹೆಸರನ್ನು ಅವಳ ಬಾಯಿಂದ ಊರು ಕೇಳಿದ್ದು ಅದೇ ಮೊದಲು. ಮೊಮ್ಮಕ್ಕಳು ಹೋ ಎಂದು ಕಿರುಚುತ್ತ ಬೀದಿಗೆ ನುಗ್ಗಿದರು. ಬಾವುಟದ ಕೋಲು ಎರಡೂ ಕೈಯಲ್ಲಿ ಎತ್ತಿಹಿಡಿದು ಮಿಲಿತ್ಸಾ, "ಅತ್ತೇ! ಇಲ್ಲಿ ನೋಡಿ, ಅತ್ತೇ!" ಎಂದು ಕೂಗುತ್ತ ಹೋದಳು. ಜನ ಚಪ್ಪಾಳೆ ತಟ್ಟಿದರು.

ಅವರು ಮೂಲೆ ತಿರುಗುವವರೆಗೂ ಮರ್ಟಿ ನೋಡಿದ. ಆಮೇಲೆ ಕೋಟಿನ ಒಳಗಿಂದ ತಗಡಿನ ಡಬ್ಬಿ ತೆಗೆದು, ಮಂಡಿಯ ಮೇಲಿಟ್ಟುಕೊಂಡು ಮುಚ್ಚಳ ಬಿಚ್ಚಿದ. ಒಂದೇ ತುಂಡು ಉಳಿದಿತ್ತು. ಅದನ್ನು ಜೋಪಾನವಾಗಿ ಎರಡಾಗಿ ಮುರಿದ. ಒಂದನ್ನು ಕೈಯಲ್ಲಿ ಹಿಡಿದುಕೊಂಡ. ಇನ್ನೊಂದನ್ನು ಪಕ್ಕದ ಕಲ್ಲಿನ ಮೇಲೆ, ಹಿಮ ಒರೆಸಿ, ಅವಳಿಗೆಂದು ಇಟ್ಟ.